ತೊಟ್ಟಿ ತಿರುಮಲೇಶಯ್ಯನವರ ಅಸ್ಥಿ

ನನ್ನಪ್ಪ ಹಾಸನದ ಪುರಸಭೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದರು. ಮನೆಮನೆಯ ಮುಂದೆ ಮುಚ್ಚಳವಿರುವ ಕಸದ ತೊಟ್ಟಿ ಇಡಿಸಲು ಹೋಗಿ, ಊರವರಿಂದ ‘ತೊಟ್ಟಿ ತಿರುಮಲೇಶಯ್ಯ’ ಎಂಬ ಬಿರುದು ಗಿಟ್ಟಿಸಿಕೊಂಡಿದ್ದರು. ಸ್ಕೂಲಿನಲ್ಲಿ ಮಕ್ಕಳು ರೇಗಿಸಿದರೆಂದು ನಾನು ಅಳುತ್ತಾ ಬಂದರೆ ಅವರಿಗೆ ನಗು.

“ಪ್ಯಾರಿಸ್ಸಲ್ಲಿ ಪುಬೆಲ್ ಅಂತ ಒಬ್ಬ ದೊಡ್ಡ ಅಧಿಕಾರಿ ಇದ್ದ ಕಣೆ. ಹೋದ ಶತಮಾನದಲ್ಲಿ ಹೀಗೇ ಆರ್ಡರ್ ಮಾಡಿದ. ಮನೆ ಮಾಲೀಕರೆಲ್ಲ ಬೈದ್ರು. ಈಗ ಫ್ರೆಂಚರು ಕಸದ ತೊಟ್ಟಿಗೇ ಪುಬೆಲ್ ಅಂತಾರೆ. ನನಗೂ ಅಷ್ಟು ಯೋಗ ಬರ್ಲಿ ಬಿಡು!”

೧೯೮೬ರಲ್ಲಿ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೆ ಅವರು ಒಬ್ಬರೇ ಬಂದರು. ಅಮ್ಮನಿಗೆ ಮಂಡಿನೋವು. ಬಂದ ಮೂರನೇ ವಾರಕ್ಕೆ ಹಾರ್ಟ್ ಅಟ್ಯಾಕು. ದಹನ ಇಲ್ಲೇ ಆಯಿತು. ಅಸ್ಥಿ ಮಾತ್ರ ಶ್ರೀರಂಗಪಟ್ಟಣದ ಕಾವೇರಿಗೇ ಸೇರಬೇಕೆಂದು ಅಮ್ಮ ಫೋನಿನಲ್ಲಿ ಪಟ್ಟು ಹಿಡಿದರು.

“ಮನೆಯೊಳಕ್ಕೆ ತರಬೇಡಿ ಕಣೆ, ಶಾಸ್ತ್ರ ಅಲ್ಲ. ಹೊರಗೆ ಮರಕ್ಕೆ ಕಟ್ಟಿ.”

ಇಲ್ಲಿ ಮರಕ್ಕೆ ಏನಾದರೂ ಕಟ್ಟಿದರೆ ಮ್ಯಾನೇಜರ್ ನೋಟಿಸು ಕೊಡುತ್ತಾನೆ. ನನ್ನ ಗಂಡ ಅರವಿಂದ, ಅಸ್ಥಿಯ ಡಬ್ಬಿಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಇರಿಸಿದರು. ಪಕ್ಕದಲ್ಲೇ ಕಸದ ತೊಟ್ಟಿಗಳು. ಅದು ಇಬ್ಬರಿಗೂ ಹೊಳೆಯಲಿಲ್ಲ. ಮಂಗಳವಾರ ಆಫೀಸಿನಿಂದ ಬಂದು ನೋಡಿದರೆ ತೊಟ್ಟಿಗಳೂ ಖಾಲಿ, ಮೂಲೆಯೂ ಖಾಲಿ.

ಮರುದಿನ ಕಸ ಹೂಳುವ ಗುಡ್ಡಕ್ಕೆ ಓಡಿದೆವು. ಗೇಟಿನವನು ವಿಷಯ ಕೇಳಿ ಟೋಪಿ ತೆಗೆದ. ನಿನ್ನೆಯ ಲೋಡುಗಳ ಮೇಲೆ ಆಗಲೇ ಮಣ್ಣು ಹಾಕಿ ಆಗಿದೆ, ಅಗೆಯುವುದಕ್ಕೆ ಅನುಮತಿ ಇಲ್ಲ ಎಂದ. ಕಡಲಹಕ್ಕಿಗಳು ಕಿರುಚುತ್ತಿದ್ದವು. ಬೇಲಿ ಹಿಡಿದು ನಿಂತೆ.

ಯಾರನ್ನು ಬೈಯಲಿ? ಕಸದವನು ತೊಟ್ಟಿಯ ಸುತ್ತಮುತ್ತ ಚೊಕ್ಕ ಮಾಡಿ ಹೋಗಿದ್ದ. ಇಂಥ ಕೆಲಸಗಾರ ಹಾಸನದಲ್ಲಿ ಸಿಕ್ಕಿದ್ದರೆ ಅಪ್ಪನೇ ಬೆನ್ನು ತಟ್ಟುತ್ತಿದ್ದರು. ಅಮ್ಮನ ಶಾಸ್ತ್ರದ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು, ಫೋನಿನಲ್ಲಿ ಅದಕ್ಕೆ ಹೂಂ ಎಂದ ನನ್ನ ಮೇಲೆ.

ಸಂಜೆ ಅಮ್ಮನ ಫೋನು.

“ಪುರೋಹಿತರಿಗೆ ಹೇಳಿದ್ದಾಯ್ತು. ಟಿಕೆಟ್ ಆಯ್ತಾ? ಲಗೇಜಲ್ಲಿ ಹಾಕ್ಬೇಡ, ಮಡಿಲಲ್ಲೇ ಇಟ್ಕೊಂಡು ಬಾ. ಹೋಗುವಾಗ ಒಬ್ಬರೇ ಹೋದ್ರು. ಬರುವಾಗಲಾದ್ರೂ ನೀನು ಜೊತೆಗಿರ್ತೀಯಲ್ಲ, ಅಷ್ಟು ಸಾಕು ನನಗೆ.”

ಹೇಳಿಬಿಡು ಎಂದು ಅರವಿಂದ ಕಣ್ಣಲ್ಲೇ ಸನ್ನೆ ಮಾಡಿದರು.

“ಹೂಂ, ಅಮ್ಮ” ಎಂದೆ.