ಒಂದು ತಂಬಿಗೆ ನೀರು

ಆ ಹಾಳೆಯಲ್ಲಿ ಹನ್ನೆರಡು ಸಾಲುಗಳಿದ್ದವು. ಮಕ್ಕಳಿಗೆ ಭೇದಿಯಾದರೆ ಏನು ಮಾಡಬೇಕೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೇಳಿಕೊಡುತ್ತಾಳೆ. ಕೈಪಿಡಿಯಲ್ಲಿರುವಂತೆಯೇ ಹೇಳಿದಳೋ ಇಲ್ಲವೋ ಎಂದು ನಾನು ಮೂಲೆಯಲ್ಲಿ ಕುಳಿತು ಗುರುತು ಹಾಕಬೇಕು. ಹೇಳಿದರೆ ಸರಿ, ಬಿಟ್ಟರೆ ಸೊನ್ನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಈ ಪರಿಶೀಲನೆಯ ಯೋಜನೆ ನಡೆದಿತ್ತು. ಶಾಲೆಯಿಂದ ನಿವೃತ್ತಳಾಗಿ ಬಾಗೇವಾಡಿಯಲ್ಲಿದ್ದ ನನ್ನ ಪಾಲಿಗೆ ಸುತ್ತಲಿನ ಹಳ್ಳಿಗಳು ಬಂದವು. ಇಂಗ್ಲಿಷಿನಲ್ಲಿದ್ದ ಹಾಳೆಯನ್ನೂ ಕೈಪಿಡಿಯನ್ನೂ ಕನ್ನಡಕ್ಕೆ ತಂದುಕೊಟ್ಟವಳು ನಾನೇ. ಹಳ್ಳಿಯವರಿಗೆ ನೇರವಾಗಿ ತಿಳಿಯುವ ಹಾಗೆ ಬರೆದಿದ್ದೀರಿ ಎಂದು ಎಲ್ಲರೂ ಹೊಗಳಿದ್ದರು.

ಮಸೂತಿ ಎಂಬ ಹಳ್ಳಿಯ ಆಶಾ ಕಾರ್ಯಕರ್ತೆ ಶಂಕ್ರೆವ್ವ ಒಂದು ಮಾತನ್ನೂ ಬಿಡುತ್ತಿರಲಿಲ್ಲ.

"ಅಕ್ಕಾರ, ನಿಮ್ಮ ಪೆನ್ನ ಕಂಡ್ರ ನಮ್ಮ ಅತ್ತಿ ಕಂಡಂಗ ಆಗ್ತೈತಿ ನೋಡ್ರಿ. ಯಾವಾಗ ತಪ್ಪು ಹಿಡೀತೈತೋ ಗೊತ್ತಾಗಂಗಿಲ್ಲ," ಎಂದು ನಗುತ್ತಿದ್ದಳು. ಹಾಗೆ ನಗುತ್ತಲೇ ತನ್ನ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ತಾನು ಬಿಸಿಲಲ್ಲಿ ನಡೆಯುತ್ತಿದ್ದಳು.

ಮಂಗಳವಾರ ರೇವವ್ವನ ಮನೆಗೆ ಹೋದೆವು. ಸೊಸೆ ಸುನೀತಾ ಹನ್ನೊಂದು ತಿಂಗಳ ಭಾಗ್ಯಾಳನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ನಾವು ಹೊಸ್ತಿಲು ದಾಟುವ ಮೊದಲೇ ರೇವವ್ವ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಬಂದಳು. "ಬಿಸಲಾಗ ಬಂದೀರಿ. ಮೊದಲ ನೀರ ಕುಡೀರಿ, ಆಮ್ಯಾಲೆ ನಿಮ್ಮ ಪರೀಕ್ಷಾ." ನಾನು ತಂಬಿಗೆ ಎತ್ತಿ ಗಟಗಟ ಕುಡಿದು, ಪೆನ್ನು ತೆಗೆದೆ. ಶಂಕ್ರೆವ್ವ ಭೇದಿಗೆ ಕುಡಿಸುವ ಉಪ್ಪು-ಸಕ್ಕರೆಯ ಓಆರ್‌ಎಸ್ ಪುಡಿಯ ನಾಲ್ಕು ಪಾಕೀಟು ಕೊಟ್ಟಳು. ಒಂದು ಪಾಕೀಟು ಪುಡಿಗೆ ಒಂದು ತಂಬಿಗೆ ನೀರು, ಕಾಯಿಸಿ ಆರಿಸಿದ್ದು, ಎಂದು ಎರಡು ಸಲ ಹೇಳಿ ಅವರಿಂದಲೂ ಹೇಳಿಸಿದಳು. ಹನ್ನೆರಡಕ್ಕೆ ಹನ್ನೆರಡು ಸರಿ.

ಶುಕ್ರವಾರ ಬೆಳಿಗ್ಗೆ ಶಂಕ್ರೆವ್ವನ ಫೋನ್ ಬಂತು.

"ಅಕ್ಕಾರ, ರೇವವ್ವನ ಮೊಮ್ಮಗಳಿಗೆ ಬುಧವಾರದಿಂದ ಭೇದಿ. ಈಗ ಫಿಟ್ಸ್ ಬಂದಾವ. ಬಾಗೇವಾಡಿ ದವಾಖಾನಿಗೆ ತಂದೇವಿ. ನಾ ಎಲ್ಲಾ ಬರೋಬ್ಬರಿ ಹೇಳಿದ್ದೆ, ನೀವ ನೋಡೀರಲ್ರಿ?"

ನಾನು ಹೋದಾಗ ಮಗುವಿನ ಕೈಕಾಲು ಕಟ್ಟಿಗೆಯಂತೆ ಸೆಟೆದಿದ್ದವು. ಮಂಗಳವಾರ ನನ್ನ ಕನ್ನಡಕ ಕಿತ್ತುಕೊಳ್ಳಲು ಬಂದಿದ್ದ ಕೈ ಅದು. ಡಾಕ್ಟರಮ್ಮ ರಕ್ತದ ವರದಿ ನೋಡಿ ತಲೆ ಎತ್ತಿದರು.

"ರಕ್ತದಾಗ ಉಪ್ಪು ಭಾಳ ಏರೇತಿ. ಪುಡಿ ಎಷ್ಟ ನೀರಾಗ ಕಲಸಿದ್ರಿ?"

"ಆಶಾ ಹೇಳಿದಂಗ ರೀ," ಎಂದಳು ರೇವವ್ವ. "ಒಂದ ಪಾಕೀಟ, ಒಂದ ತಂಬಿಗಿ. ಒಂದ ಹನಿ ಹೆಚ್ಚಿಲ್ಲ, ಒಂದ ಹನಿ ಕಡಿಮಿಲ್ಲ. ನೋಡ್ರಿ ಬೇಕಾದ್ರ." ದಾರಿಯಲ್ಲಿ ಕುಡಿಸಲೆಂದು ಕಲಸಿದ ನೀರನ್ನು ಅದೇ ತಂಬಿಗೆಯಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತಂದಿದ್ದಳು.

ನನ್ನ ಚೀಲದಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇತ್ತು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಹೊರಗಿನ ನಳದ ಹತ್ತಿರ ಹೋಗಿ ಬಾಟಲಿ ಬರಿದು ಮಾಡಿದೆ. ರೇವವ್ವನಿಂದ ತಂದ ತಂಬಿಗೆಯಲ್ಲಿದ್ದದ್ದನ್ನು ಚೆಲ್ಲಿ, ತೊಳೆದು, ಕಂಠದವರೆಗೆ ತುಂಬಿ, ಬಾಟಲಿಗೆ ಸುರಿದೆ.

ನೀರು ಅರ್ಧಕ್ಕೂ ಬರಲಿಲ್ಲ.

ಇನ್ನೊಮ್ಮೆ ಸುರಿದೆ. ಆಗಲೂ ಬಾಟಲಿ ತುಂಬಲಿಲ್ಲ. ನಳ ಹರಿಯುತ್ತಲೇ ಇತ್ತು, ನಿಲ್ಲಿಸಲು ನನಗೆ ಕೈ ಬರಲಿಲ್ಲ.

ಇಂಗ್ಲಿಷ್ ಹಾಳೆಯಲ್ಲಿ ಒಂದು ಲೀಟರ್ ಎಂದಿತ್ತು. ಲೀಟರ್ ಎಂದರೆ ಮುದುಕಿಯರಿಗೆ ತಿಳಿಯಲಿಕ್ಕಿಲ್ಲ ಎಂದು ತಂಬಿಗೆ ಎಂದು ಬರೆದವಳು ನಾನು. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮವ್ವನ ಹಿತ್ತಾಳೆಯ ತಂಬಿಗೆ. ಅದನ್ನೆತ್ತಲು ನನಗೆ ಎರಡೂ ಕೈ ಬೇಕಾಗುತ್ತಿದ್ದವು. ಅಂಥದ್ದು ಈಗ ಯಾವ ಮನೆಯಲ್ಲಿದೆ? ಈಗಿನದು ಮದುವೆಯಲ್ಲಿ ಉಡುಗೊರೆ ಬರುವ ಪುಟ್ಟ ಸ್ಟೀಲಿನ ತಂಬಿಗೆ. ಹೋದ ಮನೆಯಲ್ಲೆಲ್ಲ ಅದರಲ್ಲೇ ನನಗೆ ನೀರು ಕೊಟ್ಟಿದ್ದರು. ಒಂದೇ ಕೈಯಲ್ಲಿ ಹಿಡಿದು ಕುಡಿದಿದ್ದೆ.

ತಿರುಗಿ ಬಂದಾಗ ಯೋಜನೆಯ ಮೇಲ್ವಿಚಾರಕ ಚೇತನಕುಮಾರ ಬಂದು ನಿಂತಿದ್ದ. "ಇದು ಶಂಕ್ರೆವ್ವಂದ ತಪ್ಪು. ಅಳತಿ ಬಿಟ್ಟಿರಬೇಕು. ಅಕ್ಕಾರ, ಮಂಗಳವಾರದ ಹಾಳಿ ತಗೀರಿ."

ಹಾಳೆ ಕೊಟ್ಟೆ. ಹನ್ನೆರಡೂ ಸರಿ ಇದ್ದವು. ಗೋಡೆಗೆ ಆತು ನಿಂತಿದ್ದ ಶಂಕ್ರೆವ್ವ ಕಣ್ಣು ಮುಚ್ಚಿಕೊಂಡಳು.

"ಹಂಗಾದ್ರ ಮನಿಯವ್ರ ತಪ್ಪ ಕಲಸ್ಯಾರ," ಎಂದ ಅವನು.

ರೇವವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇರಬೇಕೋ ಯಪ್ಪಾ. ನಾ ಮುದುಕಿ. ನನ್ನ ಕೈಯಾಗ ತಪ್ಪಿರಬೇಕು."

ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. "ಇಲ್ಲ ರೇವವ್ವ, ನಿಂದು ತಪ್ಪಿಲ್ಲ, ಶಂಕ್ರೆವ್ವಂದೂ ತಪ್ಪಿಲ್ಲ. ತಪ್ಪು ಬರದಾಕಿ ನಾನು," ಎಂದು ಬಾಟಲಿಯನ್ನೂ ತಂಬಿಗೆಯನ್ನೂ ಅವನ ಮುಂದೆ ಇಟ್ಟೆ. "ಇದರಾಗ ಲೀಟರಿನ ಅರ್ಧಾನೂ ಹಿಡಿಯಂಗಿಲ್ಲ ಚೇತನ. ಉಪ್ಪು ಎರಡರಷ್ಟಕ್ಕೂ ಹೆಚ್ಚಾಗೇತಿ."

"ನೂರಕ್ಕ ನೂರು ಅಂತ ವರದಿ ಕಳಿಸೇವಲ್ರಿ!"

"ನೂರಕ್ಕ ನೂರು ಖರೇನ ಐತಿ. ತಪ್ಪನ್ನ ನೂರಕ್ಕ ನೂರು ಹೇಳೇವಿ."

ಅವನು ಹಾಳೆ ಕೆಳಗಿಟ್ಟ. "ಅದ ಪುಸ್ತಕ ನಾಕೂ ತಾಲ್ಲೂಕಿನ್ಯಾಗ ಐತಿ," ಎಂದು ಪಿಸುಗುಟ್ಟಿ, ಅಲ್ಲೇ ನೆಲದ ಮೇಲೆ ಕುಳಿತು ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ ಫೋನ್ ಹಚ್ಚತೊಡಗಿದ. ಶಂಕ್ರೆವ್ವ ಆಗಲೇ ತನ್ನ ಊರಿನ ಮನೆಗಳಿಗೆ ಹಚ್ಚಿದ್ದಳು. "ಯವ್ವಾ, ಪುಡಿ ಕಲಸಬ್ಯಾಡ. ಕಲಸಿದ್ದ ಇದ್ರ ಚೆಲ್ಲು. ಪುಡಿ ಚಲೋದೈತಿ, ನೀರು ಕಡಿಮಿ ಆಗೇತಿ. ನಾ ಬರೂತನಕ ತಡಿ."

ಉಪ್ಪನ್ನು ನಿಧಾನವಾಗಿ ಇಳಿಸಬೇಕು, ಸಂಜೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ನಾನು ಬೆಂಚಿನ ಮೇಲೆ ಕುಳಿತೆ. ಎಷ್ಟು ಹೊತ್ತೋ. ಯಾರೋ ಹತ್ತಿರ ಬಂದು ನಿಂತ ಹಾಗಾಯಿತು. ರೇವವ್ವ. ಅದೇ ತಂಬಿಗೆ, ತುಂಬ ನೀರು.

"ಮುಂಜಾನಿಂದ ಏನೂ ಕುಡದಿಲ್ಲ ನೀವು."

ನಾನು ಕೈ ಚಾಚಲಿಲ್ಲ.

"ಕುಡೀರಿ ಅಕ್ಕಾರ. ನೀರೇನ ತಪ್ಪ ಮಾಡೇತಿ?"

ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇನ್ನೂ ತುಟಿಗೆ ಇಟ್ಟಿರಲಿಲ್ಲ, ಒಳಗಿನಿಂದ ಅಳು ಕೇಳಿತು. ಸಣ್ಣ, ಒಡಕು ಅಳು. ಆಮೇಲೆ ಸುನೀತಾಳ ಕೂಗು: "ಅತ್ತೀ, ಕಣ್ಣ ಬಿಟ್ಟಾಳ! ನನ್ನ ನೋಡಾಕತ್ತಾಳ!" ರೇವವ್ವ ಚಪ್ಪಲಿ ಬಿಟ್ಟು ಓಡಿದಳು.

ಶಂಕ್ರೆವ್ವ ಬಂದು ನನ್ನ ಲೀಟರಿನ ಬಾಟಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು, ಕೊಡೆ ಬಿಚ್ಚಿದಳು.

"ಫೋನ್ ಎತ್ತದ ಮನಿ ಹತ್ತ ಉಳದಾವ. ನೀರ ಕುಡದ ಏಳ್ರಿ ಅಕ್ಕಾರ."