ನೆತ್ತಿ ತಟ್ಟುವ ಮಂದಿ

ಡಾಲಸ್ ಪಕ್ಕದ ಅಲೆನ್ ಊರಿನ ನಮ್ಮ ಕನ್ನಡ ಬಳಗಕ್ಕೆ ಪ್ರಥಮ ಚಿಕಿತ್ಸೆ ಕಲಿಸುತ್ತೇನೆಂದು ಒಪ್ಪಿಕೊಂಡದ್ದು ನನ್ನ ದುರ್ಬುದ್ಧಿ. ಡಾಲಸ್‌ನ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್, ಹೆಸರು ಮೃಣಾಲಿನಿ. ಆ ಶನಿವಾರ ಬಂದವರಲ್ಲಿ ಅರ್ಧ ಜನ ಪಾಠಕ್ಕಲ್ಲ, ಶಾಂತವ್ವನ ಊಟಕ್ಕೆ ಬಂದಿದ್ದರು. ಅದನ್ನು ಮುಚ್ಚಿಡುವಷ್ಟು ಸಂಕೋಚವೂ ಅವರಿಗಿರಲಿಲ್ಲ.

ಶಾಂತವ್ವ ವಿಜಯಪುರದವರು, ಇಲ್ಲಿ ಜೋಳದ ರೊಟ್ಟಿಯ ಕೇಟರಿಂಗ್ ನಡೆಸುತ್ತಾರೆ.

"ಊಟ ಮಾಡುವಾಗ ಯಾರಿಗಾದ್ರೂ ಗಂಟಲಲ್ಲಿ ಸಿಕ್ಕಿಕೊಂಡ್ರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ನೆತ್ತಿ ತಟ್ಟೂದ್ರಿ," ಎಂದರು ಶಾಂತವ್ವ. "ಯಾರೋ ನೆನಸ್ಯಾರ ಅಂತ ಹೇಳಿ ನೀರು ಕುಡಸೂದು."

ಇಡೀ ಹಾಲ್ ಹೌದೆಂದು ತಲೆಯಾಡಿಸಿತು. ನನಗೆ ಮೈಯೆಲ್ಲ ಉರಿಯಿತು.

"ಕೆಮ್ಮುತ್ತಿದ್ರೆ ಕೆಮ್ಮೋಕೆ ಬಿಡಿ. ಕೆಮ್ಮೂ ಇಲ್ಲ, ಮಾತೂ ಇಲ್ಲ, ಕೈ ಹೀಗೆ ಕುತ್ತಿಗೆಗೆ ಹೋಯ್ತು ಅಂದ್ರೆ ಉಸಿರು ಕಟ್ಟಿದೆ ಅಂತ. ಒಬ್ಬರು ನೈನ್ ಒನ್ ಒನ್‌ಗೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೀರಿ. ಇನ್ನೊಬ್ಬರು ಅವರನ್ನ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲ್ಭಾಗಕ್ಕೆ ಅಂಗೈ ಬುಡದಿಂದ ಜೋರಾಗಿ ಹೊಡೀರಿ. ನೀರು ಕೊಡಬೇಡಿ!"

ಅಭ್ಯಾಸಕ್ಕೆಂದು ಗೊಂಬೆ ಕೊಟ್ಟರೆ ಕೂಸು ಮಲಗಿಸುವವರ ಹಾಗೆ ಅದರ ಬೆನ್ನು ಸವರಿದರು. ಕಿರಾಣಿ ಅಂಗಡಿಯ ಇರಣ್ಣ ಗೊಂಬೆಗೆ ನೋವಾದೀತೆಂದು "ಸಾರಿ" ಬೇರೆ ಹೇಳಿದ. ಶಾಂತವ್ವ ಅದನ್ನು ಮುಟ್ಟಲೂ ಇಲ್ಲ.

"ನೀವು ಅದೀರಲ್ರಿ ಅಕ್ಕೋರ. ಹೊತ್ತು ಬಂದ್ರ ನಿಮ್ಮನ್ನ ಕರೀತೀವಿ ಬಿಡ್ರಿ," ಎಂದು ಅಡುಗೆ ಬಿಸಿ ಮಾಡಲು ಎದ್ದು ಹೋದರು.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ. ಕೋಪ ಇನ್ನೂ ಇಳಿದಿರದ ಕಾರಣ ಬಾಯಲ್ಲಿ ತುತ್ತಿಟ್ಟುಕೊಂಡೇ ಇರಣ್ಣನಿಗೆ ಬೈಯುತ್ತಿದ್ದೆ. ಮಾತು ಅರ್ಧಕ್ಕೆ ನಿಂತಿತು. ಕೆಮ್ಮಲು ನೋಡಿದೆ, ಸದ್ದೇ ಹೊರಡಲಿಲ್ಲ. ಉಸಿರು ಒಳಗೂ ಹೋಗದು, ಹೊರಗೂ ಬಾರದು.

ಇರಣ್ಣ ತಕ್ಷಣ ನನ್ನ ನೆತ್ತಿ ತಟ್ಟತೊಡಗಿದ. "ಅಕ್ಕೋರಿಗೆ ಯಾರೋ ನೆನಸ್ಯಾರ!"

"ಆಸ್ಟಿನ್‌ನಲ್ಲಿರೋ ಮಗಳು," ಎಂದರು ಯಾರೋ.

"ಅಲ್ಲ ಅಲ್ಲ, ಹ್ಯೂಸ್ಟನ್ನಿನ ಅತ್ತೆ," ಎಂದು ಇನ್ನೊಬ್ಬರು ನಕ್ಕರು. ಮೂಗಿನೆದುರು ನೀರಿನ ಲೋಟವೂ ಬಂತು.

ಬೆಳಗಿನಿಂದ ಬಾಯಿ ಬಡಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮವಾಗಿತ್ತು. ನಾನೇ ಪಾಠ ಹೇಳಿದ ಹಾಲ್‌ನಲ್ಲಿ, ನಾನೇ ಪಾಠ ಹೇಳಿದವರ ನಡುವೆ ಸಾಯುತ್ತೇನೆಂದು ನಿಜಕ್ಕೂ ಹೆದರಿದೆ. ಎರಡೂ ಕೈ ಕುತ್ತಿಗೆಗೆ ಹೋದವು.

ಬಡಿಸುತ್ತಿದ್ದ ಶಾಂತವ್ವ ಸೌಟು ಬಿಸಾಕಿದರು.

"ನೆತ್ತಿ ಬಿಡೋ ಇರಣ್ಣ! ಆಕಿ ಕೆಮ್ಮವಲ್ಲಳು! ನೈನ್ ಒನ್ ಒನ್‌ಗೆ ಫೋನ್ ಹಚ್ಚು, ನೀನ ಹಚ್ಚು!"

ನನ್ನನ್ನು ಎಳೆದು ಬಗ್ಗಿಸಿ ಬೆನ್ನಿಗೆ ಒಂದು ಬಿಟ್ಟರು. ವರ್ಷಗಟ್ಟಲೆ ರೊಟ್ಟಿ ಬಡಿದ ಕೈ ಅದು, ಬೆನ್ನು ಮುರಿಯಿತೆಂದೇ ಅಂದುಕೊಂಡೆ. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಬದನೆಕಾಯಿಯ ತೊಟ್ಟು ಹಾರಿ ಇರಣ್ಣನ ತಟ್ಟೆಯಲ್ಲಿ ಬಿತ್ತು. ಉಸಿರು ಬಂತು.

ಆಂಬ್ಯುಲೆನ್ಸ್‌ನವರು ಬಂದು ಪರೀಕ್ಷಿಸಿ, ಭಯವಿಲ್ಲವೆಂದು ಹೇಳಿ ಹೋದರು. ಆಮೇಲೆ ನಾನು ಶಾಂತವ್ವನ ಕೈ ಹಿಡಿದು ಅತ್ತುಬಿಟ್ಟೆ.

"ಗೊಂಬೆ ಮುಟ್ಟಲೇ ಇಲ್ಲವಲ್ಲ ನೀವು?"

"ಗೊಂಬಿಗೆ ಜೀವ ಅದ ಏನ್ರಿ? ನಿಮ್ಮ ಮಾತು ಮಾತ್ರ ಎಲ್ಲಾ ಕೇಳೀನಿ," ಎಂದರು. ಕೈಯನ್ನು ಮೆಲ್ಲನೆ ನನ್ನ ತಲೆಯ ಮೇಲಿಟ್ಟರು. "ಈಗರೆ ತಟ್ಟಲೇನ್ರಿ ಅಕ್ಕೋರ?"

ನಾನು ತಲೆ ಬಗ್ಗಿಸಿ ತಟ್ಟಿಸಿಕೊಂಡೆ.