ಅಂಟು ಒಣಗುವವರೆಗೆ

"ಡಿಕ್ಕಿ ಮುಚ್ಚಳ ಯಾರೂ ಹಾಕ್ಬೇಡಿ, ಅಂಟು ಒಣಗ್ಬೇಕು" ಎಂದು ನಾನು ಹೇಳಿದ್ದು ಸುಬ್ಬರಾಯರೊಬ್ಬರಿಗೆ ಮಾತ್ರ. ಆ ಹೊತ್ತಿಗೆ ಅಂಗಳದಲ್ಲಿ ಅವರೊಬ್ಬರೇ ಇದ್ದರು. ಅವರಿಗೆ ಹೇಳಿದರೆ ಮನೆಗೆಲ್ಲ ಹೇಳಿದ ಹಾಗೆ ಎಂದುಕೊಂಡೆ. ಹದಿನೆಂಟು ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ. ಅರ್ಧ ಬಿಚ್ಚಿದ ಗಾಡಿಯನ್ನು ಬಿಟ್ಟು ಹೋಗುವಾಗ ಎಷ್ಟು ಜನಕ್ಕೆ ಹೇಳಿ ಹೋಗಬೇಕು ಎಂಬುದನ್ನು ಮಾತ್ರ ಆ ಶನಿವಾರದವರೆಗೆ ಯೋಚಿಸಿರಲಿಲ್ಲ.

ಕಾರು ಸುಬ್ಬರಾಯರ ಮಗ ವಿವೇಕನದು. ಕಮ್ಮರಡಿಯಿಂದ ಎರಡು ಮೈಲಿ ಒಳಗೆ ಅವರ ಮನೆ. ಕೆಂಪು ಬಣ್ಣದ, ಎರಡೇ ಸೀಟಿನ ಹಳೇ ವಿದೇಶಿ ಸ್ಪೋರ್ಟ್ಸ್ ಕಾರು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಕೂತ ಕಪ್ಪೆಯ ಹಾಗೆ ಕಾಣುತ್ತದೆ. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಬಾಳೆಹೊನ್ನೂರಿನ ಕಡೆ ಯಾವುದೋ ಕಾಫಿ ತೋಟದ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯನ್ನು ವಿವೇಕ ಲಾರಿಯಲ್ಲಿ ಹೇರಿ ತಂದು, ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಗ್ಯಾರೇಜಿನಲ್ಲಿ ನಿಲ್ಲಿಸಿ, "ಪ್ರಸಾದಣ್ಣ, ಇದು ಓಡ್ಬೇಕು" ಎಂದಿದ್ದ. ಮೂರು ವರ್ಷಕ್ಕೆ ಓಡಿತು. ಜೀಪು, ಟಿಲ್ಲರು ರಿಪೇರಿ ಮಾಡುವವನಿಗೆ ಇದು ಯಾವ ಸೀಮೆಯ ವಿದ್ಯೆ ಎಂದು ಜನ ನಕ್ಕರು. ನಾನು ಯಾರಿಂದಲೂ ಕಲಿತವನಲ್ಲ, ಬಿಚ್ಚಿ ಬಿಚ್ಚಿ ಕಲಿತವನು. ಹಾಗಾಗಿ ನಗುವವರ ಜೊತೆ ನಾನೂ ನಕ್ಕೆ.

ಡಿಕ್ಕಿ ಹಾಳಾದದ್ದು ಸುಬ್ಬರಾಯರಿಂದ. ಕಳೆದ ಮುಂಗಾರಿಗೆ ಮೊದಲು, ಅಡಿಕೆಗೆ ಔಷಧಿ ಹೊಡೆಯುವ ಹೊತ್ತಿಗೆ ಜೀಪು ಕೆಟ್ಟಿತೆಂದು, ಅವರು ಎರಡು ಚೀಲ ಮೈಲುತುತ್ತವನ್ನು ಈ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದಿದ್ದರು. ಒಂದು ಚೀಲ ಒಡೆದು ನೀಲಿ ಹರಳು ಬೀಗದ ಸಂದಿಗೆಲ್ಲ ಸೇರಿತು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಎಂದು ಅಡಿಕೆ ಬೆಳೆಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಔಷಧಿಗೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ಅವರು ನೋಡುವುದೇ ಅದರೊಳಗೆ ಕತ್ತಿ ಅದ್ದಿ, ಅಲಗು ಕೆಂಪಾಗುತ್ತದೋ ಎಂದು.

"ಗೊತ್ತಿದ್ದೂ ಹಾಕಿದ್ರಲ್ಲ ರಾಯರೇ!" ಎಂದರೆ, "ಗಾಡಿ ಅಂದ್ಮೇಲೆ ಹೊರೂಕೆ ಅಲ್ದೆ ನೋಡೂಕಾ ಮಾರಾಯ?" ಎಂದರು.

ಆ ಶನಿವಾರ ಬೆಳಿಗ್ಗೆ ವಿವೇಕ ಯಾರದೋ ಉಪನಯನಕ್ಕೆಂದು ಬೈಕಿನಲ್ಲಿ ಎನ್.ಆರ್.ಪುರಕ್ಕೆ ಹೋಗಿದ್ದ. ನಾನು ಅವರ ಅಂಗಳದಲ್ಲೇ ಕೂತು ಡಿಕ್ಕಿ ತೆಗೆಯಲು ಹೊರಟೆ. ಡಿಕ್ಕಿಯ ಬೀಗ ಎಳೆಯಲು ಸೀಟಿನ ಹಿಂದಿನಿಂದ ಬರುವ ಕೇಬಲ್ಲು ತುಕ್ಕು ಹಿಡಿದು ತುಂಡಾಗಿತ್ತು. ಸೀಟಿಗೂ ಡಿಕ್ಕಿಗೂ ನಡುವೆ ಬೆಸುಗೆ ಹಾಕಿದ ತಗಡು, ಅಲ್ಲಿಂದ ದಾರಿಯಿಲ್ಲ. ಕೊನೆಗೆ ನಂಬರ್ ಪ್ಲೇಟಿನ ಮೇಲಿನ ದೀಪ ಕಿತ್ತು, ಹೆಬ್ಬೆರಳು ಹಿಡಿಸುವಷ್ಟಿದ್ದ ಆ ತೂತಿನಿಂದ ಡೀಸೆಲ್ಲು ಬಿಟ್ಟು, ಸೈಕಲ್ಲಿನ ಕಡ್ಡಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಬೀಗದ ನಾಲಿಗೆಯನ್ನು ಎಳೆದೂ ಎಳೆದೂ ತೆಗೆದೆ. ಎರಡು ತಾಸು ಹಿಡಿಯಿತು. ಒಳಗೆ ತೊಳೆದು ಒರೆಸಿದೆ. ಮುಚ್ಚಳದ ಸುತ್ತ ಹೊಸ ರಬ್ಬರು ಅಂಟಿಸಿದೆ. ದಪ್ಪ ರಬ್ಬರು, ಒಳ್ಳೆಯ ಅಂಟು. ಇನ್ನು ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ ಎಂದು ನನಗೇ ಜಂಬವಾಯಿತು. ಬೀಗದ ನಾಲ್ಕು ಬೋಲ್ಟುಗಳು ಮಾತ್ರ ಅಲ್ಲಾಡಲಿಲ್ಲ, ಬೀಗ ಅಲ್ಲೇ ಉಳಿಯಿತು. ಅವುಗಳಿಗೆ ಎಣ್ಣೆ ಬಿಟ್ಟು, ಅಂಟು ಬೇಗ ಒಣಗಲೆಂದು ಕಾರನ್ನು ಬಿಸಿಲಿಗೆ ತಳ್ಳಿ, ಮುಚ್ಚಳ ಮೇಲೆತ್ತಿ ಆಸರೆಯ ಕಡ್ಡಿ ಕೊಟ್ಟು ನಿಲ್ಲಿಸಿ, ಕೇಬಲ್ಲು ತರಲು ಕೊಪ್ಪಕ್ಕೆ ಹೋದೆ. ಕೇಬಲ್ಲು ಸಿಕ್ಕಿತು. ಸಿಕ್ಕ ಖುಷಿಗೆ ಒಂದು ಚಹಾ ಕುಡಿದೆ. ಆ ಚಹಾ ಕುಡಿದ ಹತ್ತು ನಿಮಿಷವನ್ನು ಈಗಲೂ ಯಾರಿಗೂ ಹೇಳುವುದಿಲ್ಲ.

ತಿರುಗಿ ಬರುವಾಗ ಒಂದು ಕರೀ ಮೋಡ ನನ್ನ ತಲೆಯ ಮೇಲೆ ಹಾದು ಹೋಯಿತು. ಫೆಬ್ರವರಿಯ ಮೋಡ, ಒಂದು ಹನಿಯೂ ಬೀಳಲಿಲ್ಲ. ಅವರ ಅಂಗಳ ಮುಟ್ಟುವಾಗ ಮತ್ತೆ ಸುಡುವ ಬಿಸಿಲು.

ಅಂಗಳ ತುಂಬ ಹರಡಿದ್ದ ಬೇಯಿಸಿದ ಅಡಿಕೆಯೆಲ್ಲ ನಡುವೆ ಗುಡ್ಡೆಯಾಗಿ ಟಾರ್ಪಾಲಿನ ಅಡಿ ಸೇರಿತ್ತು. ಜನ ಮಾತ್ರ ಒಬ್ಬರೂ ಇಲ್ಲ. ತೋಟದ ಕಡೆಯಿಂದ "ದೀಕ್ಷಾ... ಓ ದೀಕ್ಷಾ..." ಎಂಬ ಕೂಗು. ಅಡಿಕೆ ಸುಲಿಯಲು ಬರುವ ಬಸವಮ್ಮ ಬಾವಿಯ ಕಡೆಯಿಂದ ಓಡಿ ಬಂದಳು.

"ಕೂಸು ಕಾಣ್ತಿಲ್ಲ ಪ್ರಸಾದಣ್ಣ. ಅರ್ಧ ಗಂಟೆ ಆಯ್ತು. ಬಾವೀಲಿ ಪಾತಾಳಗರಡಿ ಬಿಟ್ಟು ನೋಡ್ದೆ, ಇಲ್ಲ. ಅವ್ರೆಲ್ಲ ಕೆರೆ ಹತ್ರ ಹೋಗಿದಾರೆ."

ದೀಕ್ಷಾ ವಿವೇಕನ ಮಗಳು, ಐದು ವರ್ಷ. ಬೆಳಿಗ್ಗೆ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು "ಇದೆಂತಕ್ಕೆ, ಅದೆಂತಕ್ಕೆ" ಎಂದು ತಲೆ ತಿಂದವಳು.

"ಕಡೇಗೆ ಎಲ್ಲಿ ನೋಡಿದ್ದು?"

"ಇಲ್ಲೇ ಅಂಗಳದಾಗೆ. ದಿಂಬು ಹಿಡ್ಕಂಡು ಓಡಾಡ್ತಿತ್ತು. ಅಷ್ಟೊತ್ತಿಗೆ ಮೋಡ ಬಂತು ನೋಡಿ, ಎತ್ತಿ ಎತ್ತಿ ಅಂತ ಎಲ್ರೂ ಅಡಿಕೆ ಬಳಿಯೂಕೆ ಬಿದ್ವಿ..."

ಅವಳ ಮಾತು ಮುಗಿಯುವ ಮೊದಲೇ ನನ್ನ ಕಣ್ಣು ಕಾರಿನ ಮೇಲೆ ಬಿತ್ತು. ಡಿಕ್ಕಿಯ ಮುಚ್ಚಳ ಹಾಕಿತ್ತು.

ಅಡಿಕೆ ಒಣಗಿಸುವ ಮನೆಗಳಲ್ಲಿ ಮೋಡ ಬಂದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ, ಯಾರೂ ಯೋಚಿಸುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಬಳಿಯುವುದು, ತೆರೆದದ್ದನ್ನು ಮುಚ್ಚುವುದು. ಕಿಟಕಿ, ಡಬ್ಬ, ಚೀಲದ ಬಾಯಿ, ಕಾರಿನ ಡಿಕ್ಕಿ.

ಕಾರಿನ ಹತ್ತಿರ ಓಡಿದೆ. ಮುಚ್ಚಳದ ಮೇಲೆ ಅಂಗೈ ಇಟ್ಟೆ, ದೋಸೆಯ ಕಾವಲಿಯ ಹಾಗೆ ಸುಟ್ಟಿತು. ತಟ್ಟಿದೆ. "ದೀಕ್ಷಾ? ಪುಟ್ಟೀ?" ಸದ್ದಿಲ್ಲ. ಇನ್ನೂ ಜೋರಾಗಿ ತಟ್ಟಿದೆ. ಮಣ್ಣಿನಲ್ಲಿ ಮಂಡಿಯೂರಿ, ಮೊಬೈಲಿನ ಬೆಳಕನ್ನು ದೀಪದ ತೂತಿಗೆ ಹಿಡಿದು, ಪಕ್ಕದಲ್ಲಿ ಕಣ್ಣಿಟ್ಟೆ. ಮೊದಲು ಅಂಟಿನ ಘಾಟು ಮೂಗಿಗೆ ಹೊಡೆಯಿತು. ಆಮೇಲೆ ಹೂವಿನ ಚಿತ್ರದ ದಿಂಬಿನ ಮೂಲೆ ಕಂಡಿತು. ಅದರ ಪಕ್ಕ ಒಂದು ಸಣ್ಣ ಹಿಮ್ಮಡಿ. ಎಷ್ಟು ಹೊತ್ತು ನೋಡಿದರೂ ಅದು ಅಲ್ಲಾಡಲಿಲ್ಲ.

"ಬಸವಮ್ಮ!" ಎಂದು ಕೂಗಿದೆ. "ಎಲ್ರನ್ನೂ ಕರೀರಿ! ಕೂಸು ಇಲ್ಲಿದೆ!"

ಕೆರೆಯ ಕಡೆಯಿಂದ ಮೊದಲು ಓಡಿ ಬಂದದ್ದು ತಾಯಿ ಅರ್ಪಣಾ. ಸೀರೆ ಮೊಣಕಾಲಿನವರೆಗೆ ಒದ್ದೆ. ಹಿಂದೆ ಸುಬ್ಬರಾಯರು. ಎಲ್ಲರಿಗಿಂತ ಹಿಂದೆ ಅವರ ಹೆಂಡತಿ ತ್ರಿಪುರಸುಂದರಮ್ಮ, ಎದೆ ಹಿಡಿದುಕೊಂಡು.

"ತೆಗೀರಿ" ಎಂದಳು ಅರ್ಪಣಾ. "ಬೆಳಿಗ್ಗೆ ತೆಗ್ದಿದ್ರಲ್ಲ. ಹಂಗೇ ತೆಗೀರಿ."

ಬೆಳಿಗ್ಗೆ ಎರಡು ತಾಸು ಹಿಡಿದಿತ್ತು ಎಂದು ನಾನು ಹೇಳಲಿಲ್ಲ. ಕಾರನ್ನು ಚಪ್ಪರದ ನೆರಳಿಗೆ ತಳ್ಳಿಸಿದೆ. ಬಸವಮ್ಮ ಹೇಳದೆಯೇ ಕೊಡಪಾನ ತಂದು ಮುಚ್ಚಳದ ಮೇಲೆ ನೀರು ಸುರಿಯತೊಡಗಿದಳು. ನೀರು ಬಿದ್ದಲ್ಲೆಲ್ಲ ಹಬೆ ಎದ್ದಿತು. ನಾನು ಕಡ್ಡಿಯನ್ನು ತೂತಿಗೆ ತೂರಿಸಿದೆ. ನಾಲಿಗೆ ಸಿಕ್ಕಿತು. ಎಳೆದೆ. ಗೋಡೆ ಎಳೆದ ಹಾಗೆ.

"ದೀಕ್ಷಾ, ಮಾತಾಡೇ! ಅಮ್ಮ ಇಲ್ಲಿದೀನಿ, ಮಾತಾಡೇ!" ಅರ್ಪಣಾ ತಗಡಿಗೆ ಬಾಯಿಟ್ಟು ಕೂಗುತ್ತಿದ್ದಳು. ಇನ್ನೊಂದು ಕೈಯಲ್ಲಿ ಫೋನು, ಅದರೊಳಗಿಂದ ವಿವೇಕ ಕೂಗುತ್ತಿದ್ದ: "ಒಡೀರಿ ಪ್ರಸಾದಣ್ಣ! ಗಾಡಿ ಹಾಳಾಗಿ ಹೋಗ್ಲಿ, ಒಡೀರಿ!"

ಸುಬ್ಬರಾಯರು ಒಳಗಿನಿಂದ ಪೈಪು ಕೊಯ್ಯುವ ಕಟಿಂಗ್ ಮಿಷನ್ನು ತಂದು ವಯರು ಬಿಡಿಸುತ್ತಿದ್ದರು.

"ಬೇಡ ರಾಯರೇ! ಪೆಟ್ರೋಲ್ ಟ್ಯಾಂಕು ಇದ್ರ ಅಡೀಲೇ ಇರೂದು. ಕಿಡಿ ಬಿದ್ರೆ ಮುಗೀತು. ಒಳಗೆ ಅಂಟಿನ ಗಾಳಿ ಬೇರೆ."

ಅವರ ಕೈಯಿಂದ ಮಿಷನ್ನು ಜಾರಿ ಬಿತ್ತು. ಓಡಿಹೋಗಿ ಹಾರೆ ತಂದರು. ಮುಚ್ಚಳದ ಸಂದಿಗೆ ಹಾರೆ ಕೊಟ್ಟು, ಅವರೂ ಅರ್ಪಣಾಳೂ ಸೇರಿ ಮೀಟಿದರು. ಕೆಂಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು, ತಗಡು ಬಾಗಿತು. ಬೀಗ ಬಿಡಲಿಲ್ಲ. ಅವರು ಮೀಟಿದ ಹಾಗೆಲ್ಲ ನನ್ನ ಕಡ್ಡಿಯ ತುದಿಯಲ್ಲಿ ನಾಲಿಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತಿತ್ತು.

ಆಗ ತಲೆಗೆ ಹೋಯಿತು. ರಬ್ಬರು. ನಾನೇ ಅಂಟಿಸಿದ ದಪ್ಪ ರಬ್ಬರು ಮುಚ್ಚಳವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿದೆ. ಮುಚ್ಚಳ ಮೇಲಕ್ಕೆ ಎಳೆದಷ್ಟೂ ನಾಲಿಗೆಯ ಮೇಲೆ ಭಾರ ಬೀಳುತ್ತದೆ. ಹಾರೆಯೂ ಅದನ್ನೇ ಮಾಡುತ್ತಿದೆ.

"ಹಾರೆ ಬಿಡಿ" ಎಂದೆ. "ಮೇಲಿಂದ ಒತ್ತಿ. ಮುಚ್ಚಳವನ್ನ ಕೆಳಗೆ ಒತ್ತಿ."

"ಒತ್ತೂದಾ?" ಎಂದರು ಸುಬ್ಬರಾಯರು. "ತಲೆ ಸರಿ ಇದ್ಯನಾ ನಿಂಗೆ? ಕೂಸು ಉಸಿರು ಕಟ್ಟಿ ಸಾಯ್ತಿದೆ, ಇನ್ನೂ ಗಟ್ಟಿ ಮುಚ್ಚು ಅಂತೀಯಲ್ಲ!"

"ಕೆಳಗೆ ಒತ್ತಿದ್ರೆ ನಾಲಿಗೆ ಸಡಿಲ ಆಗ್ತದೆ ರಾಯರೇ, ನನ್ನ ಮಾತು ಕೇಳಿ..."

"ನಿನ್ನ ಮಾತು ಕೇಳಿ ಡಿಕ್ಕಿ ತೆಗ್ದಿಟ್ಟಿದ್ದಕ್ಕೇ ಇಷ್ಟಾಗಿದ್ದು!"

ಅರ್ಪಣಾ ಹಾರೆಯನ್ನು ಬಿಡದೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಸುಳ್ಳು ಹೇಳುತ್ತಿರುವೆನೋ, ಹೆದರಿ ಹುಚ್ಚು ಹಿಡಿದಿದೆಯೋ ಎಂದು ಅಳೆಯುವ ನೋಟ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಒತ್ತಿದರೆ ನಾಲಿಗೆ ಇನ್ನೊಂದು ಹಲ್ಲು ಕೆಳಗೆ ಕಚ್ಚಿಕೊಂಡರೆ? ಆಗ ಕಡ್ಡಿಗೂ ಸಿಗುವುದಿಲ್ಲ.

"ಸರೀರಿ" ಎಂದಿತು ಒಂದು ದನಿ.

ತ್ರಿಪುರಸುಂದರಮ್ಮ ಮುಂದೆ ಬಂದರು. ಅವರು ಗಂಡನ ಎದುರು ದನಿಯೆತ್ತಿದ್ದನ್ನು ನಾನು ಅದುವರೆಗೆ ಕಂಡವನಲ್ಲ. ಹಾರೆಯನ್ನು ಸೊಸೆಯ ಕೈಯಿಂದ ಬಿಡಿಸಿ ಅತ್ತ ಎಸೆದರು.

"ಹಾಕಿದ್ದು ನಾನು" ಎಂದರು. "ಮೋಡ ಬಂತು ಅಂತ ಓಡ್ತಾ ಓಡ್ತಾ ಹಾಕಿದ್ದು. ಒಳಗೆ ನೋಡ್ಲಿಲ್ಲೆ. ನಾನೇ ಒತ್ತುತ್ತೆ. ಎಲ್ಲಿ ಒತ್ತಬೇಕು ಹೇಳು."

"ಇಲ್ಲಿ, ಬೀಗದ ಮೇಲೆ. ಪೂರ್ತಿ ಭಾರ ಬಿಡಿ ಅಮ್ಮ."

ಅವರು ಎರಡೂ ಅಂಗೈ ಊರಿ, ಅದೂ ಸಾಲದೆಂದು ಎದೆಯನ್ನೇ ಮುಚ್ಚಳದ ಮೇಲೆ ಇಟ್ಟು ಮಲಗಿದರು. ಅರ್ಪಣಾ ಒಂದು ಕೂಗು ಕೂಗಿ ಮುಖ ಮುಚ್ಚಿಕೊಂಡಳು. ನಾನು ಎಳೆದೆ. ನಾಲಿಗೆ ಒಂದು ಕೂದಲೆಳೆಯಷ್ಟು ಸರಿಯಿತು. ಕೊಕ್ಕೆ ಜಾರಿತು. ಬೆವರಿನಿಂದ ಕಡ್ಡಿ ಹಿಡಿತಕ್ಕೆ ಸಿಗದೆ ಪಕ್ಕಡಿನ ಬಾಯಲ್ಲಿ ಕಚ್ಚಿ ಹಿಡಿದೆ.

"ಇನ್ನೂ ಒತ್ತಿ ಅಮ್ಮ."

"ಒತ್ತುತ್ತಾ ಇದ್ದೆ. ಕೂಸಿಗೆ ಭಾರ ಆಗ್ತಾ ಏನೋ..."

"ಆಗಲ್ಲ. ಒತ್ತಿ."

ಎರಡನೇ ಸಲವೂ ಜಾರಿತು. ಆ ಹೊತ್ತಿನಲ್ಲಿ ನನಗೆ ಕೇಳುತ್ತಿದ್ದದ್ದು ಬಸವಮ್ಮನ ಕೊಡಪಾನದ ನೀರಿನ ಸದ್ದು, ನೆಲದ ಮೇಲೆ ಬಿದ್ದ ಫೋನಿನಲ್ಲಿ "ಹಲೋ, ಹಲೋ" ಎನ್ನುತ್ತಿದ್ದ ವಿವೇಕ. ಒಳಗಿನಿಂದ ಏನೂ ಇಲ್ಲ. ಆಗ ಸುಬ್ಬರಾಯರು ಸದ್ದಿಲ್ಲದೆ ಬಂದು, ಹೆಂಡತಿಯ ಕೈಗಳ ಪಕ್ಕ ತಮ್ಮ ಎರಡೂ ಕೈ ಊರಿದರು. ಮುಚ್ಚಳ ಒಂದು ಗೆರೆ ಕೆಳಗೆ ಇಳಿಯಿತು. ಕಡ್ಡಿಯ ತುದಿಯಲ್ಲಿ ನಾಲಿಗೆ ಹಗುರಾದದ್ದು ಗೊತ್ತಾಯಿತು, ಎಳೆದೆ.

ಟಕ್.

"ಬಿಡಿ! ಬಿಡಿ!"

ಅವರು ಕೈ ತೆಗೆದದ್ದೇ ರಬ್ಬರು ಮುಚ್ಚಳವನ್ನು ತಾನಾಗಿಯೇ ಮೇಲಕ್ಕೆ ಎಸೆಯಿತು. ಬಿಸಿ ಗಾಳಿ, ಅಂಟಿನ ಘಾಟು, ಉಚ್ಚೆಯ ವಾಸನೆ ಒಟ್ಟಿಗೇ ಮುಖಕ್ಕೆ ಬಡಿದವು. ಮಗು ಮಗ್ಗುಲಾಗಿ ಮುದುಡಿ ಮಲಗಿತ್ತು. ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು. ತುಟಿ ಬೆಳ್ಳಗೆ. ಬಲಗೈಯ ಉಗುರುಗಳಲ್ಲಿ ಕರೀ ರಬ್ಬರಿನ ಚೂರುಗಳು.

ಅರ್ಪಣಾ ಎತ್ತಿಕೊಂಡಳು. ತಲೆ ಹಿಂದಕ್ಕೆ ವಾಲಿತು. ಚಪ್ಪರದಡಿಯಲ್ಲಿ ಮಲಗಿಸಿ, ಅಂಗಿ ಬಿಚ್ಚಿ, ಒದ್ದೆ ಸೆರಗಿನಿಂದ ಎದೆ ಒರೆಸಿದಳು. ಬಸವಮ್ಮ ಅಡಿಕೆ ಹಾಳೆ ತಂದು ಗಾಳಿ ಹಾಕಿದಳು. ಒಂದು, ಎರಡು, ಮೂರು ಎಂದು ನಾನು ಯಾಕೆ ಎಣಿಸುತ್ತಿದ್ದೆನೋ ಗೊತ್ತಿಲ್ಲ. ಹದಿನಾಲ್ಕು ಅನ್ನುವಾಗ ಮಗು ಕೆಮ್ಮಿತು. ಆಮೇಲೆ ತಾಯಿಯ ಮಡಿಲ ತುಂಬ ವಾಂತಿ ಮಾಡಿಕೊಂಡಿತು. ವಾಂತಿಯನ್ನು ಕಂಡು ಅಷ್ಟು ಜನ ಕೈ ಮುಗಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ನಾನು ಕರ್ದೆ" ಎಂದಿತು ಮಗು, ಕಣ್ಣು ಪೂರ್ತಿ ತೆರೆಯದೆ. "ತುಂಬಾ ಸಲ ಕರ್ದೆ. ಯಾರೂ ಬರ್ಲೇ ಇಲ್ಲ."

ಮಗು ಕರೆದ ಹೊತ್ತಿನಲ್ಲಿ ಅಂಗಳದಲ್ಲಿ ಗಡಿಬಿಡಿಯಿಂದ ಬಳಿದ ಅಡಿಕೆಯ ಸದ್ದು ಎಷ್ಟಿರಬಹುದು ಎಂದು ಎಲ್ಲರಿಗೂ ಗೊತ್ತಿತ್ತು.

ಸುಬ್ಬರಾಯರು ಜೀಪು ತೆಗೆದರು. ಅರ್ಪಣಾ ಮಗುವನ್ನು ಅಪ್ಪಿಕೊಂಡು ಹತ್ತಿದಳು, ಬಸವಮ್ಮ ನೀರಿನ ಚೊಂಬು ಹಿಡಿದು ಹಿಂದೆ ಹತ್ತಿದಳು. ಕೊಪ್ಪದ ಆಸ್ಪತ್ರೆಗೆ ಹೋದರು. ನಾನು ಡಿಕ್ಕಿಯ ಮುಚ್ಚಳಕ್ಕೆ ಆಸರೆಯ ಕಡ್ಡಿ ಕೊಟ್ಟು ಅಲ್ಲೇ ಮಣ್ಣಿನಲ್ಲಿ ಕೂತೆ. ಕೈಯಲ್ಲಿದ್ದ ಪಕ್ಕಡು ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕಾಯಿತು, ಬೆರಳು ಹಾಗೆ ಮರಗಟ್ಟಿದ್ದವು.

ಮುಕ್ಕಾಲು ಗಂಟೆಯ ಮೇಲೆ ಬಸವಮ್ಮನ ಫೋನು ಬಂತು. "ಗ್ಲೂಕೋಸ್ ಹಾಕಿದಾರೆ. ಸಂಜೇವರ್ಗೂ ಇಟ್ಕಂಡು ನೋಡ್ತಾರಂತೆ. ಈಗ ಬಿಸ್ಕತ್ತು ಕೇಳ್ತಿದೆ, ಅದೂ ಕ್ರೀಮಿಂದೇ ಬೇಕಂತೆ. ಅಮ್ಮಂಗೆ ಹೇಳಿ."

ಹೇಳಲು ತಿರುಗಿದೆ. ತ್ರಿಪುರಸುಂದರಮ್ಮ ಕಾರಿನ ಹಿಂದೆಯೇ ನಿಂತಿದ್ದರು. ಎರಡೂ ಕೈಯೆತ್ತಿ ಡಿಕ್ಕಿಯ ಮುಚ್ಚಳವನ್ನು ಮೇಲಕ್ಕೆ ಹಿಡಿದಿದ್ದರು. ಜೀಪು ಹೋದಾಗಿನಿಂದ ಹಾಗೇ ನಿಂತಿರಬೇಕು, ತೋಳು ನಡುಗುತ್ತಿತ್ತು. ಕಾದ ತಗಡು ಒತ್ತಿದ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಅಮ್ಮ, ಕೂಸು ಬಿಸ್ಕತ್ತು ಕೇಳ್ತಿದೆಯಂತೆ."

"ಹೂಂ, ನಂಗೂ ಕೇಳ್ತು" ಎಂದರು.

"ಕೈ ಬಿಡಿ ಅಮ್ಮ. ಅದು ಬೀಳಲ್ಲ, ಆಸರೆ ಕೊಟ್ಟಿದೀನಿ, ನೋಡಿ."

ಅವರು ಆಸರೆಯ ಕಡ್ಡಿಯನ್ನು ನೋಡಿದರು. ಖಾಲಿ ಡಿಕ್ಕಿಯೊಳಗೆ, ದಿಂಬಿನ ಅಡಿಯವರೆಗೂ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನೀ ನಿನ್ನ ಕೆಲಸ ಮಾಡು ಮಾರಾಯ" ಎಂದರು. "ನಾ ಹಿಡ್ಕಂಡಿರ್ತೆ."